ಮೊದಲು ಚೀಟಿ, ಆಮೇಲೆ ಮಶೀನ್

ಮೆಟಲ್ ಡಿಟೆಕ್ಟರ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ದೊಡ್ಡ ರೈಲ್ವೆ ನಿಲ್ದಾಣದ ಬಾಗಿಲು, ಇಲ್ಲವೇ ಮಂತ್ರಿಗಳ ಸಭೆಯಲ್ಲಿ ಪೊಲೀಸರು ಮೈಮೇಲೆ ಆಡಿಸುವ ಕಪ್ಪು ಕೋಲು. ನನ್ನ ಮಾಮು ಹತ್ತಿರ ಇರುವುದು ಬೇರೆ ಥರದ್ದು. ಉದ್ದನೆಯ ಹಿಡಿಕೆ, ತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಸುರುಳಿ, ಕಿವಿಗೆ ಹೆಡ್‌ಫೋನ್. ನೆಲದಿಂದ ಎರಡು ಬೆರಳು ಮೇಲೆ ನಿಧಾನವಾಗಿ ಆಡಿಸುತ್ತಾ ಹೋದರೆ ಸುಮಾರು ಒಂದು ಗೇಣು ಆಳದೊಳಗಿರುವ ಉಂಗುರ, ನಾಣ್ಯ, ಮೊಳೆ, ಮುಳ್ಳುತಂತಿಯ ಚೂರು ಎಲ್ಲಕ್ಕೂ ಕೂಗುತ್ತದೆ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಆದ್ದರಿಂದ ಕೆಲವು ಸಲ ಏನೂ ಇಲ್ಲದ ಕಡೆಯೂ ಕೂಗುತ್ತದೆ. ಚಿನ್ನ ಯಾವುದು, ಗುಜರಿ ಯಾವುದು ಎಂದು ಅದು ಸರಿಯಾಗಿ ಹೇಳಲಾರದು. ಅದು ಯಾರದು ಎಂದಂತೂ ಹೇಳುವುದೇ ಇಲ್ಲ.

ಮಾಮು ಎಂದರೆ ಅಮ್ಮಿಯ ತಮ್ಮ. ಗುಜರಿ ವ್ಯಾಪಾರ. ಕೆಡವಿದ ಮನೆಗಳ ಮಣ್ಣಿನಲ್ಲಿ ತಾಮ್ರದ ತಂತಿ, ಹಿತ್ತಾಳೆ ಚೂರು ಹುಡುಕಲೆಂದು ಆ ಮಶೀನನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದರು. ಆದರೆ ಸುದ್ದಿ ಹರಡಿದ ಮೇಲೆ ಜನ ಬರತೊಡಗಿದ್ದು ಬೇರೆ ಕೆಲಸಕ್ಕೆ. ಜೋಳ ಮುರಿಯುವಾಗ ಬಿದ್ದ ಉಂಗುರ, ನಾಟಿ ಗದ್ದೆಯಲ್ಲಿ ಕಳೆದ ಕಾಲುಂಗುರ, ತೋಟದಲ್ಲಿ ಬಿದ್ದ ಬೈಕಿನ ಕೀಲಿ. ಮಾಮು ಕನ್ನಡವನ್ನು ನನಗಿಂತ ಚೆನ್ನಾಗಿ ಮಾತಾಡುತ್ತಾರೆ, ಉರ್ದು ಓದುತ್ತಾರೆ, ಆದರೆ ಕನ್ನಡ ಬರೆಯಲು ಬರುವುದಿಲ್ಲ. ಹಾಗಾಗಿ ಚೀಟಿ ಬರೆಯುವ ಕೆಲಸ ನನ್ನದು. ಈ ಲೇಖನ ಆ ಚೀಟಿಯ ಬಗ್ಗೆ.

ಚೀಟಿ ಇಲ್ಲದೆ ಮಾಮು ಮಶೀನನ್ನು ಚೀಲದಿಂದ ಹೊರಗೆ ತೆಗೆಯುವುದಿಲ್ಲ. “ಪೈಲೆ ಪೂಛ್ನಾ, ಫಿರ್ ಮಶೀನ್ ಲಗಾನಾ” ಎನ್ನುತ್ತಾರೆ. ಮೊದಲು ಕೇಳು, ಆಮೇಲೆ ಮಶೀನ್ ಹಚ್ಚು. ಮೊದಮೊದಲು ನನಗೆ ಇದು ಅತಿಯಾಯಿತು ಅನಿಸುತ್ತಿತ್ತು. ಕಳೆದುಕೊಂಡವರು ಅಳುತ್ತಾ ನಿಂತಿರುತ್ತಾರೆ, ನಾವು ಪೆನ್ನು ಹುಡುಕುತ್ತಿರುತ್ತೇವೆ!

ಹೋದ ವರ್ಷ ಮಳೆಗಾಲದಲ್ಲಿ ಉಡುತಡಿ ಕಡೆಯಿಂದ ಒಬ್ಬ ಅಕ್ಕ ಬಂದರು. ಶುಂಠಿ ಹೊಲದಲ್ಲಿ ಕಳೆ ತೆಗೆಯುವಾಗ ಒಂದು ಬೆಂಡೋಲೆ ಬಿದ್ದುಹೋಗಿತ್ತು. ಅಡವಿಟ್ಟಿದ್ದ ಆ ಜೋಡಿಯನ್ನು ಬಿಡಿಸಿ ತಂದು ಇನ್ನೂ ಹದಿನೈದು ದಿನ ಆಗಿರಲಿಲ್ಲವಂತೆ. ಮನೆಯಲ್ಲಿ ಹೇಳಿರಲಿಲ್ಲ, ಸೆರಗಿನಿಂದ ಕಿವಿ ಮುಚ್ಚಿಕೊಂಡೇ ಬಂದಿದ್ದರು.

ಹೊಲ ಯಾರದು ಎಂದು ಮಾಮು ಕೇಳಿದರು. ಅಲ್ಲಿಂದ ಶುರುವಾಯಿತು. ಬೆಳೆ ಹಾಕಿದವರು ಗುತ್ತಿಗೆ ಹಿಡಿದವರು. ಜಮೀನು ಬೇರೆಯವರದು. ಪಹಣಿ ತೆಗೆಸಿ ನೋಡಿದರೆ ತೀರಿಹೋದ ಅಜ್ಜನ ಹೆಸರೇ ಇದೆ. ಪೌತಿ ಖಾತೆ ಆಗಿಲ್ಲ, ಮಕ್ಕಳು ಮೂವರು ಅಣ್ಣತಮ್ಮಂದಿರು. ಗುತ್ತಿಗೆಯವರನ್ನು ಕೇಳದೆ ಮಡಿ ಕೆದಕಿದರೆ ಶುಂಠಿ ಹಾಳು, ಅದು ಅವರ ನಷ್ಟ. ಮಾಲೀಕರನ್ನು ಕೇಳದೆ ನೆಲ ಕೆದಕಿದರೆ ಅದು ಅತಿಕ್ರಮ ಪ್ರವೇಶ. ಅಂದರೆ ಒಂದು ಓಲೆಗೆ ನಾಲ್ಕು ಸಹಿ ಬೇಕು.

ಗುತ್ತಿಗೆಯವರು ಕೂಡಲೇ ಒಪ್ಪಿದರು. ಇಬ್ಬರು ಅಣ್ಣತಮ್ಮಂದಿರೂ ಸಹಿ ಹಾಕಿದರು. ಮೂರನೆಯವರು ಶಿವಮೊಗ್ಗದಲ್ಲಿ ಇರುವವರು, ಫೋನಿನಲ್ಲಿ ಖಡಾಖಂಡಿತ ಬೇಡ ಎಂದರು. “ಮಶೀನ್ ತಂದೋರು ಓಲೆ ಹುಡುಕ್ತಾರೋ ಇನ್ನೇನಾದ್ರೂ ಹುಡುಕ್ತಾರೋ, ನೋಡೋರು ಯಾರು?” ಮಾಮು ಸಿಟ್ಟಾಗಲಿಲ್ಲ. “ನೀವೇ ಬಂದು ನಿಂತ್ಕಳ್ರಿ ಸಾರ್. ನೀವು ಬರೋವರೆಗೂ ಮಶೀನ್ ಚೀಲದಾಗೇ ಇರ್ತದೆ” ಎಂದರು.

ಅವರು ಬಂದಿದ್ದು ಮರುದಿನ. ಆ ಒಂದು ದಿನ ಆ ಅಕ್ಕನ ಸಂಕಟ ನೋಡಲಾಗುತ್ತಿರಲಿಲ್ಲ. ಮೋಡ ಕಟ್ಟಿತ್ತು. ದೊಡ್ಡ ಮಳೆ ಬಂದರೆ ಓಲೆ ಮಣ್ಣಿನ ಜೊತೆ ಎಲ್ಲಿಗೆ ಹೋಗುತ್ತದೋ. “ಹೊಲದಾಗೆ ಈಗ ಯಾರೂ ಇಲ್ಲ, ಒಂದು ಗಳಿಗೆ ನೋಡ್ಕಂಡ್ ಬಂದ್ಬಿಡಾನ ಬಾರವ್ವ” ಎಂದು ನನ್ನ ಕೈ ಹಿಡಿದು ಕೇಳಿದರು. ಮಾಮು ನನಗೆ ಹೇಳಿದ್ದು ಇಷ್ಟು: ಮಶೀನ್ ಹಿಡಿದವನು ಸಾಬ, ಹೊಲದ ಬದುವಿನಲ್ಲಿ ಹಳೇ ಕಲ್ಲು, ನೋಡುವವರು ಯಾರೂ ಇಲ್ಲ, ಸುದ್ದಿಯಾಗಲು ಇನ್ನೇನು ಬೇಕು?

ಆ ಹಳೇ ಕಲ್ಲಿನ ವಿಷಯ ಹೇಳಲೇಬೇಕು. ನಮ್ಮ ಶಿಕಾರಿಪುರ, ಸೊರಬ ಸೀಮೆಯಲ್ಲಿ ಕಲ್ಲಿಲ್ಲದ ಊರೇ ಇಲ್ಲ. ಉಡುತಡಿ ಅಕ್ಕಮಹಾದೇವಿಯ ಊರು. ಅಕ್ಕಪಕ್ಕದಲ್ಲೇ ಬಳ್ಳಿಗಾವಿ, ತಾಳಗುಂದ. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೇ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳಿವೆ, ಸೊರಬದವು 1904ರ ಎಂಟನೇ ಸಂಪುಟದಲ್ಲಿ. ಎಲ್ಲ ಕಲ್ಲೂ ಪುಸ್ತಕಕ್ಕೆ ಬಂದಿಲ್ಲ. ವೀರಗಲ್ಲುಗಳು ಹೊಲದ ಬದುವಿನಲ್ಲಿ, ಹುಣಸೆ ಮರದ ಬುಡದಲ್ಲಿ, ಕೆರೆ ಏರಿಯ ಮೇಲೆ ಹಾಗೇ ನಿಂತಿವೆ. ಆ ಶುಂಠಿ ಹೊಲದ ಮೂಲೆಯಲ್ಲೂ ಒಂದಿತ್ತು, ಅರ್ಧ ಮಣ್ಣಿನಲ್ಲಿ ಹೂತಿತ್ತು.

ಮೂವರೂ ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತರು. ನಾನು ಚೀಟಿಯನ್ನು ಗಟ್ಟಿಯಾಗಿ ಓದಿದೆ. ಇಷ್ಟನೇ ಸರ್ವೆ ನಂಬರಿನಲ್ಲಿ, ಕಳೆ ತೆಗೆದ ಸಾಲುಗಳಲ್ಲಿ ಮಾತ್ರ, ಇಂಥವರು ಕಳೆದುಕೊಂಡ ಒಂದು ಬೆಂಡೋಲೆ ಹುಡುಕಲು ಇವತ್ತು ಒಂದು ದಿನದ ಒಪ್ಪಿಗೆ. ಗುಂಡಿ ಒಂದು ಗೇಣಿಗಿಂತ ಆಳ ಇಲ್ಲ. ತೆಗೆದ ಮಣ್ಣನ್ನು ಅಲ್ಲೇ ಮುಚ್ಚುವುದು. ಬೇರೆ ಏನು ಸಿಕ್ಕರೂ ಮಾಲೀಕರ ಮುಂದೆ ಇಡುವುದು. ಓದಿ ಮುಗಿಸಿದ ಮೇಲೆ ಮೂರನೆಯವರು ಸಹಿ ಹಾಕಿದರು.

ಎರಡು ಗಂಟೆಯಲ್ಲಿ ಸಿಕ್ಕಿದ್ದು ಹನ್ನೊಂದು ಮೊಳೆ, ಒಂದು ಎತ್ತಿನ ಲಾಳ, ಬಾಟಲಿ ಮುಚ್ಚಳಗಳು, ಒಂದು ಹಳೆಯ ಐವತ್ತು ಪೈಸೆ. ಎಲ್ಲವನ್ನೂ ಒಂದು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟೆವು. ಅಷ್ಟರಲ್ಲಿ ಹಿರಿಯಣ್ಣನವರಿಗೆ ಬೇರೆ ಆಸೆ ಹುಟ್ಟಿತು. “ಸಾಬ್ರೆ, ಹೆಂಗೂ ಮಶೀನ್ ಚಾಲೂ ಐತಲ್ಲ, ಆ ಕಲ್ಲಿನ ಬುಡಕ್ಕೂ ಒಂದ್ಸಲ ಹಿಡೀರಿ. ಜಮೀನು ನಮ್ದೇ, ನಾವೇ ಹೇಳ್ತಿದೀವಿ” ಎಂದರು. ಶಿವಮೊಗ್ಗದವರೂ ಬೇಡ ಎನ್ನಲಿಲ್ಲ! ಮಾಮು ಹೆಡ್‌ಫೋನ್ ತೆಗೆದು ಸ್ವಿಚ್ ಆರಿಸಿದರು. “ಗೌಡ್ರೆ, ಚೀಟಿಯಾಗೆ ಅದಿಲ್ಲ. ಬರೆದುಕೊಟ್ರೂ ನಾ ಹಿಡಿಯಲ್ಲ. ಅದು ನಿಮ್ದೂ ಅಲ್ಲ, ನಮ್ದೂ ಅಲ್ಲ” ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಿರಿಯವರೇ “ಆಯ್ತು ಬಿಡಣ್ಣ, ಓಲೆ ನೋಡ್ಲಿ” ಎಂದರು.

ಓಲೆ ಸಿಕ್ಕಿದ್ದು ಮಧ್ಯಾಹ್ನ, ಬುತ್ತಿ ಬಿಚ್ಚಿ ಕೂತಿದ್ದ ಜಾಗದಲ್ಲಿ, ಮಣ್ಣಿನೊಳಗೆ ಎರಡು ಬೆರಳಿನಷ್ಟು ಕೆಳಗೆ. ತಿರುಪು ಮಾತ್ರ ಸಿಗಲಿಲ್ಲ. ಆ ಅಕ್ಕ ಓಲೆಯನ್ನು ತೊಳೆಯಲೂ ಇಲ್ಲ, ಹಾಗೇ ಬಾಯಿಗೆ ಹಾಕಿಕೊಂಡು ಅತ್ತರು.

ಮಾಮು ಹೇಳಿದ ‘ನಿಮ್ದೂ ಅಲ್ಲ, ನಮ್ದೂ ಅಲ್ಲ’ ಎಂಬುದು ನಿಜವೇ ಎಂದು ನೋಡೋಣ ಎಂದು ಕಾನೂನಿನ ಬಗ್ಗೆ ಓದಿದೆ. ವಾಣಿಜ್ಯ ವಿಭಾಗದವಳಾದ್ದರಿಂದ ನನಗೆ ಇದು ಕಥೆಗಿಂತ ರುಚಿಯಾಯಿತು. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಅಡಗಿದ್ದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಏನು ಸಿಕ್ಕಿತು, ಎಷ್ಟು ಬೆಲೆ, ಎಲ್ಲಿ, ಯಾವ ದಿನ. ಆಗಿನ 10 ರೂಪಾಯಿ ದೊಡ್ಡ ಮೊತ್ತ, ಈಗ ಒಂದು ಬಿಸ್ಕತ್ ಪೊಟ್ಟಣ. ವಾರಸುದಾರರು ಯಾರೂ ಇಲ್ಲವೆಂದು ತೀರ್ಮಾನವಾದರೆ ಸಿಕ್ಕವರೂ ನೆಲದ ಮಾಲೀಕರೂ ತಮ್ಮ ನಡುವಿನ ಒಪ್ಪಂದದಂತೆ ಹಂಚಿಕೊಳ್ಳಬೇಕು. ಒಪ್ಪಂದ ಇಲ್ಲದಿದ್ದರೆ ಸಿಕ್ಕವರಿಗೆ ಮುಕ್ಕಾಲು, ಮಾಲೀಕರಿಗೆ ಕಾಲು. ನಮ್ಮ ಅಕೌಂಟೆನ್ಸಿ ಪುಸ್ತಕದ ಪಾಲುದಾರಿಕೆ ಪಾಠ ನೆನಪಾಯಿತು. ಅಲ್ಲೂ ಪತ್ರ ಇದ್ದರೆ ಪತ್ರದಂತೆ, ಇಲ್ಲದಿದ್ದರೆ 1932ರ ಕಾಯ್ದೆಯಂತೆ ಸಮಪಾಲು. ಮುಚ್ಚಿಟ್ಟವರಿಗೆ ಪಾಲೂ ಇಲ್ಲ, ಮೇಲೆ ಒಂದು ವರ್ಷದವರೆಗೆ ಜೈಲು ಆಗಬಹುದು. ನಮ್ಮ ರಾಜ್ಯ 1962ರಲ್ಲಿ ತನ್ನದೇ ನಿಧಿ ಕಾಯ್ದೆ ಮಾಡಿಕೊಂಡಿದೆ. ಇಲ್ಲಿ ತಿಳಿಸಬೇಕಾದದ್ದು ಜಿಲ್ಲಾಧಿಕಾರಿಗೆ.

ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಪ್ರಣವೇಶ್ವರದಂಥ ಸಂರಕ್ಷಿತ ಸ್ಥಳಗಳಲ್ಲಿ ನಿಯಮ ಇನ್ನೂ ಬಿಗಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸಂರಕ್ಷಿತ ಪ್ರದೇಶದಲ್ಲಿ ಜಮೀನಿನ ಮಾಲೀಕನೇ ಆದರೂ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಅಗೆಯುವಂತಿಲ್ಲ. 1972ರ ಇನ್ನೊಂದು ಕಾಯ್ದೆ ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ಶಾಸನಗಳನ್ನು ಪ್ರಾಚ್ಯವಸ್ತು ಎಂದು ಕರೆಯುತ್ತದೆ. ಸರ್ಕಾರದ ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಗುಜರಿ ಅಂಗಡಿಯವರಿಗೆ ಇದು ಬಹಳ ಮುಖ್ಯ. ಹಳೆಯ ಕಂಚಿನ ವಸ್ತು ತಕ್ಕಡಿಗೆ ಬಂದರೆ ಮಾಮು ತೂಗುವುದೇ ಇಲ್ಲ, ವಾಪಸ್ ಕಳಿಸುತ್ತಾರೆ.

ಇಷ್ಟೆಲ್ಲ ನಿಯಮ ಏಕೆ ಎನ್ನುವವರಿಗೆ ತಾಳಗುಂದವೇ ಉತ್ತರ. 2013-14ರಲ್ಲಿ ಭಾರತೀಯ ಪುರಾತತ್ವ ಇಲಾಖೆ ಅಲ್ಲಿ ಉತ್ಖನನ ಮಾಡಿದಾಗ ಸಿಂಹದ ಕೆತ್ತನೆಯ ಒಂದು ಕಟಾಂಜನ ಸಿಕ್ಕಿತು, ಅದರ ಮೇಲೆ ಬರಹ. ಇಲಾಖೆ ಅದನ್ನು ಕ್ರಿ.ಶ. 370ರದ್ದು ಎಂದಿದೆ. ಹಾಗಾದರೆ ಅದು ನಾವೆಲ್ಲ ಶಾಲೆಯಲ್ಲಿ ಓದಿದ ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ. ಮನೆಯಲ್ಲಿ ಉರ್ದು ಮಾತಾಡುವ ನಾನು ಪರೀಕ್ಷೆ ಬರೆಯುವುದು, ಚೀಟಿ ಬರೆಯುವುದು ಅದೇ ಕನ್ನಡದಲ್ಲಿ. ಆ ಕಲ್ಲಿನ ಬುಡವನ್ನು ಯಾರೋ ರಾತ್ರಿ ಬಂದು ಚಿನ್ನಕ್ಕಾಗಿ ಕೆದಕಿ ಒಡೆದಿದ್ದರೆ? ಕೆದಕಿದ ಉದಾಹರಣೆಗಳೂ ಇವೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯಾಸೆಗೆ ಕೆಡವಿದರು. ಭಕ್ತರು ಕೂಡಲೇ ಮತ್ತೆ ಕಟ್ಟಿದರು, ಅದು ಬೇರೆ ಮಾತು.

ನಮ್ಮ ದಾದಾಗೆ ಇದನ್ನೆಲ್ಲ ಓದಿ ಹೇಳಿದಾಗ ಅವರು ನಕ್ಕರು. ಬಿದ್ದ ವಸ್ತು ಸಿಕ್ಕರೆ ಒಂದು ವರ್ಷ ಸಾರಬೇಕು ಎಂದು ಹದೀಸಿನಲ್ಲೇ ಇದೆ, ಹೂತಿಟ್ಟ ಹಳೆಯ ನಿಧಿಯಲ್ಲಿ ಐದನೇ ಒಂದು ಪಾಲು ಸಿಕ್ಕವನದಲ್ಲ ಎಂದೂ ಇದೆ ಎಂದರು. ಸ್ವಾರಸ್ಯವೆಂದರೆ 1878ರ ಕಾಯ್ದೆಯಲ್ಲೂ ಐದನೇ ಒಂದರ ಲೆಕ್ಕವಿದೆ, ಆದರೆ ತಿರುಗುಮುರುಗಾಗಿ: ಸರ್ಕಾರ ನಿಧಿಯನ್ನು ತಾನೇ ಇಟ್ಟುಕೊಂಡರೆ ಅದರ ಲೋಹದ ಬೆಲೆಗೆ ಐದನೇ ಒಂದನ್ನು ಸೇರಿಸಿ ಕೊಡಬೇಕು.

ಇಂಗ್ಲೆಂಡಿನಲ್ಲಿ ಈ ಮಶೀನ್ ಹಿಡಿದು ತಿರುಗುವುದು ಒಂದು ಹವ್ಯಾಸವೇ ಅಂತೆ. ಅಲ್ಲಿ 2009ರಲ್ಲಿ ಸ್ಟಾಫರ್ಡ್‌ಶೈರಿನ ಒಂದು ಹೊಲದಲ್ಲಿ ರೈತನ ಒಪ್ಪಿಗೆ ಪಡೆದು ಹುಡುಕಿದವರಿಗೆ ದೊಡ್ಡ ಚಿನ್ನದ ನಿಧಿ ಸಿಕ್ಕಿತು. ಕಾನೂನಿನಂತೆ ತಿಳಿಸಿದರು. ಸುಮಾರು 33 ಲಕ್ಷ ಪೌಂಡ್ ಬಹುಮಾನವನ್ನು ಹುಡುಕಿದವರೂ ರೈತರೂ ಅರ್ಧರ್ಧ ಪಡೆದರು. 2015ರಲ್ಲಿ ಹೆರೆಫರ್ಡ್‌ಶೈರಿನಲ್ಲಿ ನಿಧಿ ಸಿಕ್ಕಿದ ಇಬ್ಬರು ಯಾರಿಗೂ ತಿಳಿಸದೆ ಮಾರಲು ಹೊರಟರು, 2019ರಲ್ಲಿ ಜೈಲಿಗೆ ಹೋದರು. ಆ ನಾಣ್ಯಗಳಲ್ಲಿ ಹೆಚ್ಚಿನವು ಸಿಗಲೇ ಇಲ್ಲ.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ರೀಲ್ಸ್ ನೋಡಿ ನಮ್ಮ ತರಗತಿಯ ಕೆಲವರು ‘ಒಂದು ಭಾನುವಾರ ಮಶೀನ್ ಕೊಡಿಸು, ಬಳ್ಳಿಗಾವಿಗೆ ಹೋಗಿ ಬರೋಣ’ ಎಂದು ಕೇಳುತ್ತಿದ್ದಾರೆ. ಉತ್ತರ: ಕೊಡಿಸುವುದಿಲ್ಲ. ಬಳ್ಳಿಗಾವಿಗೆ ಬರುತ್ತೇನೆ, ಗಂಡಭೇರುಂಡದ ಕಂಬ ನೋಡೋಣ, ಬುತ್ತಿ ನನ್ನದು.

ಓಲೆ ಸಿಕ್ಕ ಮೂರನೇ ದಿನ ಹೋಟೆಲಿನಲ್ಲಿ ‘ಸಾಬರು ವೀರಗಲ್ಲಿನ ಬುಡದಲ್ಲಿ ಕೊಪ್ಪರಿಗೆ ತೆಗೆದರಂತೆ’ ಎಂಬ ಮಾತು ಹಬ್ಬಿತ್ತು. ಅಮ್ಮಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಆ ಮಾತನ್ನು ನಿಲ್ಲಿಸಿದ್ದು ನಾವಲ್ಲ. ಶಿವಮೊಗ್ಗದಿಂದ ಬಂದಿದ್ದ ಆ ಮೂರನೆಯ ತಮ್ಮನೇ ತಮ್ಮ ಹತ್ತಿರವಿದ್ದ ಚೀಟಿಯ ಪ್ರತಿಯನ್ನು ಹೋಟೆಲಿನ ಮೇಜಿನ ಮೇಲೆ ಇಟ್ಟು, “ನಾ ಅಲ್ಲೇ ನಿಂತಿದ್ದೆ. ಕಲ್ಲಿನ ಹತ್ರ ಹೋಗ್ರಿ ಅಂದ್ರೂ ಅವ್ರು ಹೋಗ್ಲಿಲ್ಲ” ಎಂದರಂತೆ. ಅಂದಿನಿಂದ ಪ್ರತಿ ಚೀಟಿಗೂ ಕಾರ್ಬನ್ ಇಟ್ಟು ಎರಡು ಪ್ರತಿ ಬರೆಯುತ್ತೇನೆ, ಒಂದು ಮಾಲೀಕರಿಗೆ, ಒಂದು ನಮ್ಮ ಫೈಲಿಗೆ.

ಆ ಅಣ್ಣತಮ್ಮಂದಿರು ಈಗ ಪೌತಿ ಖಾತೆಗೆ ಅರ್ಜಿ ಹಾಕಿದ್ದಾರೆ. ಒಂದು ಓಲೆಗೆ ಮೂರು ಸಹಿ ಬೇಕಾದಾಗಲೇ ಅವರಿಗೂ ಹೊಳೆದದ್ದು, ನಾಳೆ ಸಾಲಕ್ಕೋ ಬೆಳೆ ವಿಮೆಗೋ ಹೋದರೆ ಏನು ಗತಿ ಎಂದು. “ಆ ಸಾಬ್ರ ಹುಡುಗೀನ ಕರೀರಿ, ಚೆಂದ ಬರೀತದೆ” ಎಂದು ಹೇಳಿ ಕಳಿಸಿದ್ದರು. ಅರ್ಜಿಯ ಜೊತೆ ವಂಶವೃಕ್ಷ ಬೇಕು, ಮರಣ ಪ್ರಮಾಣಪತ್ರ ಬೇಕು. ಅಜ್ಜನ ಮರಣ ಪ್ರಮಾಣಪತ್ರ ಇನ್ನೂ ಸಿಕ್ಕಿಲ್ಲ, ಮನೆಯ ಟ್ರಂಕುಗಳಲ್ಲಿ ಹುಡುಕುತ್ತಿದ್ದಾರೆ.