ಮೇಲಿನವರ ನೆಲ, ಕೆಳಗಿನವರ ಸೂರು

ಉರ್ವದ ಹಳೆಯ ಹಂಚಿನ ಮನೆಗಳಲ್ಲಿ ಸದ್ದಿಗೇನೂ ಬರವಿರಲಿಲ್ಲ. ಬೆಳಗಾಗುವ ಮೊದಲೇ ಬಾವಿಯ ರಾಟೆ ಕಿರುಗುಟ್ಟುತ್ತಿತ್ತು. ಅಡುಗೆಮನೆಯಲ್ಲಿ ಕಡೆಯುವ ಕಲ್ಲು ಗಡಗಡ ಉರುಳುತ್ತಿತ್ತು. ಆದರೆ ಆ ಕಲ್ಲು ಕುಳಿತಿದ್ದುದು ಭೂಮಿಯ ಮೇಲೆ. ಅದರ ನಡುಕವೆಲ್ಲ ಕೆಳಗಿನ ಮಣ್ಣಿಗಿಳಿದು ಅಲ್ಲೇ ಅಡಗುತ್ತಿತ್ತು. ಈಗ ಅಂಥ ಎಷ್ಟೋ ಹಿತ್ತಿಲುಗಳಲ್ಲಿ ಫ್ಲ್ಯಾಟುಗಳು ಎದ್ದಿವೆ. ಇಲ್ಲಿ ಒಬ್ಬರ ನೆಲವೆಂದರೆ ಇನ್ನೊಬ್ಬರ ಸೂರು. ನಡುವೆ ಇರುವುದು ಒಂದು ಗೇಣೂ ದಪ್ಪವಿಲ್ಲದ ಕಾಂಕ್ರೀಟು.

ಅಂಥದೊಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ಒಬ್ಬ ಕಾಲೇಜು ಹುಡುಗ. ಅವನಿಗೆ ಸೈಕಲ್ಲೆಂದರೆ ಪ್ರಾಣ. ಆದರೆ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ, ಅದರ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿಸುವ ಮಂಗಳೂರಿನಲ್ಲಿ ಸೈಕಲ್ ಸವಾರಿ ಎಂದರೆ ನೀರು ತುಂಬಿದ ಹೊಂಡಗಳ ಜತೆ ಕಣ್ಣುಮುಚ್ಚಾಲೆ. ಹಿಂದಿನಿಂದ ಹಾರ್ನ್ ಹೊಡೆಯುತ್ತಾ ಬರುವ ಸಿಟಿ ಬಸ್ಸುಗಳ ಭಯ ಬೇರೆ. ಹಾಗಾಗಿ ಮನೆಗೆ ಟ್ರೈನರ್ ಬಂತು. ಸೈಕಲಿನ ಹಿಂಚಕ್ರವನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಟಯರನ್ನು ಒಂದು ಉರುಳೆಗೆ ಒತ್ತಿ ನಿಲ್ಲಿಸಿದರೆ ಸೈಕಲ್ ಇದ್ದಲ್ಲೇ ಓಡುತ್ತದೆ. ಉರುಳೆಗೆ ಅಯಸ್ಕಾಂತದ ತಡೆ ಕೊಟ್ಟರೆ ಹಾಲ್‌ನಲ್ಲೇ ಚಾರ್ಮಾಡಿ ಘಾಟಿಯ ಏರು! 2020ರ ಲಾಕ್‌ಡೌನ್ ಕಾಲದಲ್ಲಿ ದೇಶವಿದೇಶಗಳಲ್ಲಿ ಬಹಳ ಮಂದಿ ಹಿಡಿದ ದಾರಿ ಇದು. ಮಗ ಕಣ್ಣೆದುರಿಗೇ ಇದ್ದಾನೆ, ಬೆವರುತ್ತಿದ್ದಾನೆ ಎಂದು ತಾಯಿಗೂ ಸಮಾಧಾನ.

ಕೆಳಗಿನ ಮನೆಯಲ್ಲಿ ದ್ವಿತೀಯ ಪಿಯುಸಿ ಓದುವ ಹುಡುಗಿ. ಅವಳು ಓದಲು ಏಳುವುದು ಬೆಳಗಿನ ಐದು ಗಂಟೆಗೆ. ಇವನು ಪೆಡಲ್ ತುಳಿಯುವುದೂ ಅದೇ ಐದು ಗಂಟೆಗೆ. ಒಂದು ದಿನ ಲಿಫ್ಟಿನ ಬಳಿ ಅವಳ ತಾಯಿ ಇವನ ತಾಯಿಯನ್ನು ಕೇಳಿದರು: "ಅಕ್ಕಾ, ನೀವು ಐದು ಗಂಟೆಗೇ ಗ್ರೈಂಡರ್ ಇಡ್ತೀರಾ? ದಿನಾ ಅಷ್ಟು ಹಿಟ್ಟು ಎಂತಕ್ಕೆ?"

ಹುಡುಗನಿಗೆ ಅವಮಾನವಾಯಿತು. ಮರುದಿನ ಸ್ನೇಹಿತನನ್ನು ಸೈಕಲ್ ಮೇಲೆ ಕೂರಿಸಿ, ಹಾಲ್‌ನ ಬಾಗಿಲು ಮುಚ್ಚಿ, ಹೊರಗೆ ಮೊಬೈಲಿನಲ್ಲಿ ಸದ್ದು ಅಳೆದ. "ನಲವತ್ತೂ ದಾಟುವುದಿಲ್ಲ ಅಮ್ಮಾ, ಕಾನೂನಿನಲ್ಲಿ ಐವತ್ತೈದಕ್ಕೆ ಅವಕಾಶ ಉಂಟು," ಎಂದ. ಅವನ ಮಾತು ಅರ್ಧ ನಿಜ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಹಾಕಿವೆ. ಆದರೆ ಅಲ್ಲಿ ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಐದು ಗಂಟೆ ಅವನಿಗೆ ಬೆಳಗಾದರೂ ಕಾನೂನಿಗೆ ಇನ್ನೂ ರಾತ್ರಿ. ಅಲ್ಲದೆ ಈ ಅಳತೆ ಮಂದ್ರಸ್ಥಾಯಿಯ ಸದ್ದಿಗೆ ಕಡಿಮೆ ಅಂಕ ಕೊಡುವಂಥದು. ಗಾಳಿಯಲ್ಲಿ ಬಂದದ್ದನ್ನು ಅದು ಲೆಕ್ಕ ಹಿಡಿಯುತ್ತದೆ. ನೆಲದೊಳಗೆ ಹೋದ ನಡುಕ ಅದರ ಲೆಕ್ಕಕ್ಕೆ ಬರುವುದಿಲ್ಲ.

ತಾಯಿ ವಾದಕ್ಕೆ ಇಳಿಯಲಿಲ್ಲ. "ಅವನೇ ತುಳಿಯುತ್ತಾ ಇರಲಿ. ನೀನು ಕೆಳಗೆ ಹೋಗಿ ಕೂತು ಬಾ," ಎಂದರಷ್ಟೆ.

ಕೆಳಗೆ ಅವಳ ಓದುವ ಮೇಜಿನ ಮುಂದೆ ಕುಳಿತಾಗ ಅವನಿಗೆ ಕೇಳಿಸಿದ್ದು ತನಗೆ ಪರಿಚಯವಿದ್ದ ಸದ್ದಲ್ಲ. ಮೇಲೆ ಅದು ಟಯರಿನ 'ಝುಂಯ್' ಎಂಬ ಹಾಡು. ಕೆಳಗೆ ಗೋಡೆಯೊಳಗಿಂದ ಬರುವ 'ಗುಂ' ಎಂಬ ಗೊಣಗು. ಮೇಜಿನ ಮೇಲೆ ಕೈಯಿಟ್ಟರೆ ಬೆರಳಿಗೆ ತಿಳಿಯುವ ಅದುರು, ಷೋಕೇಸಿನ ಗಾಜಿನ ಸಣ್ಣ ಕಿಣಿಕಿಣಿ. ಹೊರಗೆ ಮಳೆ ಜೋರಾಗಿದ್ದಷ್ಟು ಹೊತ್ತು ಎಲ್ಲ ಮುಚ್ಚಿಹೋಗಿತ್ತು. ಮಳೆ ನಿಂತ ಕೂಡಲೇ ಆ ಗೊಣಗು ಕೋಣೆಯನ್ನೆಲ್ಲ ತುಂಬಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಬೆಕ್ಕಿಗೆ ಅರ್ಥವಾಗಬೇಕಾದರೆ ಅದು ಒಮ್ಮೆ ಬಿಲದೊಳಗೆ ಕುಳಿತುಬರಬೇಕು.

ಇದರ ಭೌತಶಾಸ್ತ್ರ ಕಷ್ಟದ್ದೇನಲ್ಲ. ಸದ್ದಿಗೆ ಎರಡು ದಾರಿ. ಗಾಳಿಯಲ್ಲಿ ಹೋಗುವುದನ್ನು ಬಾಗಿಲು, ಪರದೆ ಸ್ವಲ್ಪವಾದರೂ ತಡೆಯುತ್ತವೆ. ಸ್ಟ್ಯಾಂಡಿನ ಕಾಲುಗಳಿಂದ ಟೈಲ್ಸಿಗೆ, ಟೈಲ್ಸಿನಿಂದ ಕಾಂಕ್ರೀಟಿಗೆ ಇಳಿಯುವುದಕ್ಕೆ ಬಾಗಿಲಿನ ಹಂಗಿಲ್ಲ. ಆಗ ಸೂರೇ ಚೆಂಡೆಯ ಚರ್ಮವಾಗುತ್ತದೆ. ಚರ್ಮ ನಡುವಿನಲ್ಲಿ ಹೆಚ್ಚು ಕುಣಿಯುತ್ತದೆ, ಅಂಚಿನಲ್ಲಿ ಕಡಿಮೆ. ಹುಡುಗ ಸೈಕಲ್ ಇಟ್ಟಿದ್ದುದು ಸರಿಯಾಗಿ ಹಾಲ್‌ನ ನಟ್ಟನಡುವೆ!

ಮೇಲೆ ಬಂದವನು ಕೆಲಸಕ್ಕಿಳಿದ. ಸೈಕಲನ್ನು ಕಂಬವಿರುವ ಮೂಲೆಗೆ ಸರಿಸಿದ. ಹಲ್ಲುಹಲ್ಲಿನ ಗುಡ್ಡಗಾಡು ಟಯರು ಉರುಳೆಯ ಮೇಲೆ ಒಂದೊಂದು ಹಲ್ಲಿಗೂ ಒಂದೊಂದು ಪೆಟ್ಟು ಕೊಡುತ್ತಿತ್ತು. ಅದನ್ನು ಬಿಚ್ಚಿ ನಯವಾದ ಟಯರು ಹಾಕಿದ. ತೆಳ್ಳಗಿನ ಯೋಗದ ಚಾಪೆ ಸ್ಟ್ಯಾಂಡಿನ ಕಾಲಡಿಯಲ್ಲಿ ಅಪ್ಪಚ್ಚಿಯಾಗಿತ್ತು. ಅದರ ಬದಲು ದಪ್ಪ ರಬ್ಬರ್ ಹಾಸಿ, ಅದರ ಮೇಲೆ ಪ್ಲೈವುಡ್ ಹಲಗೆಯಿಟ್ಟು, ಭಾರ ಅಗಲಕ್ಕೆ ಹಂಚಿಹೋಗುವಂತೆ ಮಾಡಿದ. ತುಳಿತದ ವೇಗ ಅಷ್ಟೇ ಇದ್ದರೂ ಗೇರ್ ಇಳಿಸಿದರೆ ಚಕ್ರ ನಿಧಾನವಾಗಿ ತಿರುಗುತ್ತದೆ, ಸದ್ದೂ ತಗ್ಗುತ್ತದೆ ಎಂದು ಕಂಡುಕೊಂಡ. ಹಿಂಚಕ್ರವನ್ನೇ ತೆಗೆದು ಸರಪಳಿಯನ್ನು ನೇರ ಯಂತ್ರಕ್ಕೆ ಜೋಡಿಸುವ ಟ್ರೈನರುಗಳೂ ಇವೆ. ಅವುಗಳಲ್ಲಿ ಟಯರಿನ ಗಲಾಟೆಯೇ ಇಲ್ಲ, ಬೆಲೆ ಮಾತ್ರ ಬಹಳ ಹೆಚ್ಚು.

ಆದರೂ ಎಲ್ಲವೂ ಹೋಗಲಿಲ್ಲ. ನಿಮಿಷಕ್ಕೆ 90 ಸುತ್ತು ತುಳಿದರೆ ಎರಡು ಕಾಲುಗಳಿಂದ ಸೆಕೆಂಡಿಗೆ ಮೂರು ಒತ್ತು. ಅಷ್ಟು ನಿಧಾನದ ತೂಗಾಟವನ್ನು ರಬ್ಬರ್ ಹಾಸು ಪೂರ್ತಿ ನುಂಗಲಾರದು. ಉಳಿದದ್ದನ್ನು ನುಂಗಬೇಕಾದದ್ದು ಗಡಿಯಾರ. ಅವಳು ಟ್ಯೂಷನ್‌ಗೆ ಹೋಗುವ ಸಂಜೆಯ ಹೊತ್ತು ಇವನ ಸವಾರಿಯ ಹೊತ್ತಾಯಿತು.

ಓದುವವರಿಗೆ ಮೌನ ಬೇಕು, ಬೆಳೆಯುವವರಿಗೆ ಬೆವರು ಬೇಕು. ಎರಡೂ ನ್ಯಾಯವಾದ ಬೇಡಿಕೆಗಳೇ. ಮನೆಮನೆಯಲ್ಲೂ ತಂದೆ ತಾಯಿ ತಮ್ಮ ಮಗುವಿನ ಬೇಡಿಕೆಯನ್ನು ಹಿಡಿದು ನಿಂತರೆ ಜಗಳ ಸಭೆಯವರೆಗೆ, ಕೊನೆಗೆ ಠಾಣೆಯವರೆಗೂ ಹೋಗಬಹುದು. ಇಲ್ಲಿ ಅದು ಒಂದು ಮಹಡಿಯ ಮೆಟ್ಟಿಲಿಳಿದು ಹತ್ತುವುದರೊಳಗೆ ಮುಗಿಯಿತು. ಆಮೇಲೆ ಕೆಳಗಿನ ಮನೆಯವರೇ ಹೇಳುವುದುಂಟು, ಸದ್ದು ಯಾವುದರದು, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಗೊತ್ತಾದ ಮೇಲೆ ಅರ್ಧ ಕಿರಿಕಿರಿ ತಾನಾಗಿ ಹೋಯಿತೆಂದು. ಪರೀಕ್ಷೆಯ ವೇಳಾಪಟ್ಟಿ ಬಂದಾಗ ಅವಳು ಅದರ ಎರಡು ಪ್ರತಿ ತೆಗೆಸಿದಳು. ಒಂದು ಅವಳ ಮೇಜಿನ ಮೇಲಿದೆ. ಇನ್ನೊಂದು ಮೇಲಿನ ಮನೆಯಲ್ಲಿ, ಸೈಕಲಿನ ಎದುರಿನ ಗೋಡೆಯಲ್ಲಿದೆ.