ಮುಂದಿನ ಕಾಲಕ್ಕೆ ಇಂದಿನ ಹಾಡು

ಬ್ರಿಟನ್ನಿನ ವೈಜ್ಞಾನಿಕ ಧಾರಾವಾಹಿ ‘ಡಾಕ್ಟರ್ ಹೂ’ದ 2005ರ ಕಂತೊಂದು 500 ಕೋಟಿ ವರ್ಷಗಳಾಚೆ ನಡೆಯುತ್ತದೆ. ಉಬ್ಬುವ ಸೂರ್ಯನಿಗೆ ಭೂಮಿ ಆಹುತಿಯಾಗುವ ಹೊತ್ತಿನಲ್ಲಿ ಮೊಳಗುವುದು ಬ್ರಿಟ್ನಿ ಸ್ಪಿಯರ್ಸ್ ಅವರ ‘ಟಾಕ್ಸಿಕ್’. ಆ ಕಾಲದವರು ಅದನ್ನು ಭೂಮಿಯ ಸಾಂಪ್ರದಾಯಿಕ ಗೀತೆಯೆಂದೇ ನಂಬಿರುತ್ತಾರೆ. “ಅಷ್ಟು ಮುಂದಿನ ಕಾಲದಲ್ಲಿ ಈಗಿನ ಹಾಡೇಕೆ, ಅಪ್ಪಾ?” ಎಂದು ನನ್ನ ಮಗ ಕೇಳಿದ.

ಹರಿಪುರದವರಾದ ನಮಗೆ ಉತ್ತರ ಊರಿನಲ್ಲಿಯೇ ಇದೆ. ಕೃಷ್ಣಾ-ವಾರಣಾ ಸಂಗಮದ ಈ ಊರಿನಲ್ಲಿ 1855ರಲ್ಲಿ ಜನಿಸಿದ ಗೋವಿಂದ ಬಲ್ಲಾಳ ದೇವಲರು ಶೂದ್ರಕನ ‘ಮೃಚ್ಛಕಟಿಕ’ವನ್ನು ಮರಾಠಿಯ ಸಂಗೀತನಾಟಕವಾಗಿಸಿದರು. ಪ್ರಾಚೀನ ಉಜ್ಜಯಿನಿಯ ಪಾತ್ರಗಳು ತಮ್ಮ ಪ್ರೇಕ್ಷಕರ ಕಾಲದ ಧಾಟಿಗಳಲ್ಲಿ ಹಾಡಿದವು. ದೇವಲರ ಗುರುಗಳು, ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು, 1880ರ ‘ಶಾಕುಂತಲ’ದಲ್ಲಿಯೇ ಈ ದಾರಿ ತೋರಿದ್ದರು, ಕನ್ನಡದ ಧಾಟಿಗಳೂ ಅವರಿಗೆ ಒದಗಿದ್ದವು. ಕಥೆಯ ಕಾಲ ಹಿಂದಿನದಿರಲಿ, ಮುಂದಿನದಿರಲಿ, ಪರಿಚಿತ ಹಾಡು ಕೇಳಿದೊಡನೆ ಪ್ರೇಕ್ಷಕನು ಅದರೊಳಗೆ ನೆಲೆ ಕಂಡುಕೊಳ್ಳುತ್ತಾನೆ.

ಆದರೆ ಹಾಡುವವರಿದ್ದ ಹಾಡು ಮಾತ್ರ ಮುಂದಿನವರಿಗೆ ಪರಂಪರೆಯಾಗುತ್ತದೆ. ಮರಾಠಿಯ ನಡುವೆ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ನಾವು ಇದನ್ನು ಯೋಚಿಸಬೇಕು. ನನ್ನ ತಾಯಿ ಹಾಡುತ್ತಿದ್ದ ಬೀಸುವ ಪದಗಳು ಯಾವ ಧ್ವನಿಮುದ್ರಿಕೆಯಲ್ಲಿಯೂ ಇಲ್ಲ; ನೆನಪಿನಲ್ಲಷ್ಟೇ ಇವೆ. ಅವನ್ನು ಮಗನಿಗೆ ಕಲಿಸತೊಡಗಿದ್ದೇನೆ. ಎರಡು ಪದಗಳು ಈಗಾಗಲೇ ಅವನಿಗೆ ಬಾಯಿಪಾಠವಾಗಿವೆ.