ಒಂದು ಗುಂಡಿ ಒತ್ತಿದೆ, ಮಾತೆಲ್ಲ ಮಾಯ!

ಫಸ್ಟ್ ಡೇ ಫಸ್ಟ್ ಶೋ ನೋಡುವ ಚಟ ನನಗೆ ಚಿಕ್ಕಂದಿನಿಂದ. ಲಾಠಿ ಏಟು ಬಿದ್ದರೂ ಸರಿ, ಅಂಗಿ ಹರಿದರೂ ಸರಿ, ಮೊದಲ ಆಟದ ಟಿಕೆಟ್ ಕೈಯಲ್ಲಿರಬೇಕು! ಈ ಚಟವೇ 2018ರ ಡಿಸೆಂಬರಿನಲ್ಲಿ ನನಗೆ ಮುಳುವಾಯಿತು. ಆದರೆ ಥಿಯೇಟರಿನಲ್ಲಲ್ಲ, ಕಂಪ್ಯೂಟರಿನ ಮುಂದೆ.

ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಸರವಿಲ್ಲ. ಆದರೆ ನಿಮ್ಮಲ್ಲಿ ಯಾರಾದರೂ ನನ್ನ ಹಾಗೆ ಸಿನಿಮಾ ಬಗ್ಗೆ ಬ್ಲಾಗು ಬರೆಯುವವರಿದ್ದರೆ, ಕೊನೇ ರೀಲಿನವರೆಗೂ ಸೀಟು ಬಿಟ್ಟು ಏಳಬೇಡಿ.

ನಮ್ಮೂರಿನಲ್ಲಿ ಒಂದು ಕಾಲಕ್ಕೆ ಮೂರು ಟಾಕೀಸುಗಳಿದ್ದವು. ಈಗ ಒಂದು ಕಲ್ಯಾಣ ಮಂಟಪ, ಇನ್ನೊಂದು ಗೋಡೌನು, ಮೂರನೆಯದು ಬರೀ ಖಾಲಿ ಸೈಟು. ಅವುಗಳ ಕಥೆಯನ್ನಾದರೂ ಬರೆದಿಡೋಣ ಅಂತ 2014ರಲ್ಲಿ ಬ್ಲಾಗು ಶುರು ಮಾಡಿದೆ. ಬಳಸಿದ್ದು ವರ್ಡ್‌ಪ್ರೆಸ್ ಎಂಬ ತಂತ್ರಾಂಶ. ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬಿಬ್ಬರು, ಕೆಲಸ ನಿಂತುಹೋಗಿದ್ದ ಬಿ2 ಎಂಬ ಹಳೇ ತಂತ್ರಾಂಶವನ್ನೇ ಮುಂದುವರಿಸಿ 2003ರ ಮೇ 27ರಂದು ಹೊರತಂದದ್ದು ಇದು. ಪುಕ್ಕಟೆ ಸಿಗುತ್ತದೆ. ಆಗಾಗ ಹೊಸ ಆವೃತ್ತಿ ಬರುತ್ತಿರುತ್ತದೆ.

ನಾಲ್ಕು ವರ್ಷದಲ್ಲಿ ಎಂಬತ್ತಾರು ಬರಹ ಕೂಡಿದವು. ಅವುಗಳಲ್ಲಿ ನನ್ನ ಜೀವ ಇದ್ದದ್ದು ಎರಡರಲ್ಲಿ. ಗೋಡೌನಾದ ಟಾಕೀಸಿನಲ್ಲಿ ಮೂವತ್ತೆಂಟು ವರ್ಷ ಪ್ರೊಜೆಕ್ಟರ್ ಓಡಿಸಿದ ಆಪರೇಟರಣ್ಣನ ಮಾತುಕತೆ, ಎರಡು ಕಂತು. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡಿದ್ದು, ತೆರೆಯ ಬಲಗಡೆ ಮೇಲ್ಮೂಲೆಯಲ್ಲಿ ಚುಕ್ಕೆ ಮಿಂಚಿದ ಕೂಡಲೇ ಎರಡನೇ ಮಷೀನಿಗೆ ಬದಲಾಯಿಸುತ್ತಿದ್ದದ್ದು, ಎಲ್ಲ ಹೇಳಿದ್ದರು. ಟೇಪು ಗೀಪು ಏನೂ ಇಲ್ಲ. ಅವರು ಹೇಳುತ್ತ ಹೋದರು, ನಾನು ನೇರವಾಗಿ ಬ್ಲಾಗಿನಲ್ಲೇ ಟೈಪು ಮಾಡುತ್ತ ಹೋದೆ. 2018ರ ಯುಗಾದಿ ಕಳೆದು ತಿಂಗಳಿಗೆ ಅವರು ತೀರಿಕೊಂಡರು.

ಅದೇ ವರ್ಷ ಡಿಸೆಂಬರ್ 6ರಂದು ವರ್ಡ್‌ಪ್ರೆಸ್ 5.0 ಬಿಡುಗಡೆ! ಕ್ಯೂಬಾದ ಪಿಯಾನೋ ವಾದಕ ಬೆಬೊ ವಾಲ್ಡೆಸ್ ನೆನಪಿಗೆ ಅದಕ್ಕೆ 'ಬೆಬೊ' ಅಂತ ಹೆಸರು. ಬರೆಯುವ ಪುಟವನ್ನೇ ಪೂರ್ತಿ ಬದಲಾಯಿಸಿದ ಭಾರಿ ಆವೃತ್ತಿ. ನಾನು ಬಿಟ್ಟೇನೆಯೆ? ಬ್ಲಾಗಿನ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. 'ಅಪ್‌ಡೇಟ್' ಗುಂಡಿ ಒತ್ತಿದೆ. ತೆರೆ ಬೆಳ್ಳಗಾಯಿತು. ಅಕ್ಷರವಿಲ್ಲ, ಚಿತ್ರವಿಲ್ಲ, ದೋಷ ಏನೆಂಬ ಸೂಚನೆಯೂ ಇಲ್ಲ. ಬಿಳೀ ತೆರೆ!

ಆಗಲಾದರೂ ಸುಮ್ಮನೆ ಕೂತಿದ್ದರೆ ಏನೂ ಕೆಡುತ್ತಿರಲಿಲ್ಲ. 'ಎಲ್ಲ ಅಳಿಸಿ ಹೊಸದಾಗಿ ಹಾಕೋಣ, ಹೇಗೂ ಪೆನ್‌ಡ್ರೈವ್ ಇದೆಯಲ್ಲ' ಎಂದುಕೊಂಡೆ. ಅಳಿಸುವಾಗ ಕಂಪ್ಯೂಟರು ಕೇಳಿತು: ಡೇಟಾಬೇಸನ್ನೂ ಅಳಿಸಲೇ? ಹೌದು ಎಂದು ಒತ್ತಿದ ಮಹಾನುಭಾವ ನಾನೇ. ಹೊಸದಾಗಿ ಹಾಕಿ, ಫೋಲ್ಡರನ್ನು ವಾಪಸ್ ಇಟ್ಟು ಬ್ಲಾಗು ತೆರೆದರೆ... ಒಂದೇ ಒಂದು ಬರಹ. ಅದೂ ನನ್ನದಲ್ಲ. ಹೊಸ ಬ್ಲಾಗಿಗೆಲ್ಲ ತಾನಾಗಿ ಬರುವ 'ಹಲೋ ವರ್ಲ್ಡ್!'

ಎದೆ ಡವಡವ. ಬಸ್‌ಸ್ಟ್ಯಾಂಡಿನ ಪಕ್ಕ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೆಳೆಯನ ಹತ್ತಿರ ಓಡಿದೆ. ಪೆನ್‌ಡ್ರೈವ್ ನೋಡಿ ಅವನು ತಲೆ ಮೇಲೆ ಕೈ ಇಟ್ಟುಕೊಂಡ.

"ಲೋ, ಇದರಲ್ಲಿ ಫೋಟೋ ಇದೆ, ಥೀಮ್ ಇದೆ, ಪ್ಲಗಿನ್ ಇದೆ. ನೀನು ಬರೆದ ಮಾತು ಒಂದೂ ಇಲ್ಲ ಕಣೋ! ಮಾತೆಲ್ಲ ಇರೋದು ಡೇಟಾಬೇಸಲ್ಲಿ. ಅದನ್ನ ನೀನೇ ಅಳಿಸಿದೀಯ."

ಆಗ ನನ್ನ ಮಂಡೆಗೆ ಹೊಳೆಯಿತು. ರೀಲಿನ ಕಾಲದಲ್ಲಿ ಚಿತ್ರದ ನೆಗೆಟಿವ್ ಬೇರೆ, ಧ್ವನಿಯ ನೆಗೆಟಿವ್ ಬೇರೆ. ಲ್ಯಾಬಿನಲ್ಲಿ ಎರಡನ್ನೂ ಸೇರಿಸಿ ತೆಗೆದರೇ ಥಿಯೇಟರಿಗೆ ಹೋಗುವ ಪ್ರಿಂಟು. ಬ್ಲಾಗೂ ಹಾಗೆಯೇ. ಫೋಲ್ಡರು ಚಿತ್ರದ ನೆಗೆಟಿವ್, ಡೇಟಾಬೇಸು ಧ್ವನಿಯ ನೆಗೆಟಿವ್. ನಾನು ಚಿತ್ರವನ್ನು ಭದ್ರವಾಗಿಟ್ಟು ಧ್ವನಿಯನ್ನು ಬೆಂಕಿಗೆ ಹಾಕಿದ್ದೆ!

ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ 'ವೇಬ್ಯಾಕ್ ಮಷೀನ್' ಅಂತ ಒಂದು ಉಗ್ರಾಣ ನಡೆಸುತ್ತದೆ. ಜಗತ್ತಿನ ಅಂತರ್ಜಾಲ ಪುಟಗಳ ನಕಲು ತೆಗೆದು ಇಡುತ್ತದೆ, ಆದರೆ ಎಲ್ಲ ಪುಟವೂ ಸಿಕ್ಕೇ ಸಿಗುತ್ತದೆ ಎಂದೇನಿಲ್ಲ. ಗೆಳೆಯನೂ ನಾನೂ ಮೂರು ರಾತ್ರಿ ಹುಡುಕಿದೆವು. ಎಂಬತ್ತಾರರಲ್ಲಿ ಮೂವತ್ತೊಂದು ಸಿಕ್ಕವು. ಆಪರೇಟರಣ್ಣನ ಮೊದಲ ಕಂತು ಸಿಕ್ಕಿತು. ಎರಡನೆಯದು ಸಿಗಲಿಲ್ಲ.

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ', 1934ರದು, ವೈ. ವಿ. ರಾವ್ ನಿರ್ದೇಶನ. ಅದರ ಒಂದು ಪ್ರಿಂಟೂ ಉಳಿದಿಲ್ಲ ಎಂದು ನಾನೇ ನನ್ನ ಬ್ಲಾಗಿನಲ್ಲಿ ಮರುಗಿ ಬರೆದಿದ್ದೆ. 'ಹಿಂದಿನವರಿಗೆ ಬೆಲೆ ಗೊತ್ತಿರಲಿಲ್ಲ' ಅಂತ ಬೈದೂ ಇದ್ದೆ. ಈಗ ನನ್ನನ್ನು ಯಾರು ಬೈಯಬೇಕು?

ಇನ್ನು ಇಂಟರ್‌ವಲ್ ನಂತರದ ಕಥೆ. ಏಟು ತಿಂದು ಕಲಿತದ್ದನ್ನು ನಿಮಗೆ ಪುಕ್ಕಟೆ ಹೇಳುತ್ತೇನೆ.

ಗುಂಡಿ ಒತ್ತುವ ಮೊದಲು ಎರಡೂ ನೆಗೆಟಿವ್ ಕೈಯಲ್ಲಿರಲಿ. 'ಡಬ್ಲ್ಯೂಪಿ-ಕಂಟೆಂಟ್' ಎಂಬ ಫೋಲ್ಡರು, 'ಡಬ್ಲ್ಯೂಪಿ-ಕಾನ್ಫಿಗ್' ಎಂಬ ಫೈಲು, ಇವೆರಡನ್ನೂ ಇಳಿಸಿಕೊಳ್ಳಿ. ಆಮೇಲೆ ಹೋಸ್ಟಿಂಗ್‌ನವರು ಕೊಡುವ ಪಿಎಚ್‌ಪಿಮೈಅಡ್ಮಿನ್‌ಗೆ ಹೋಗಿ, ಡೇಟಾಬೇಸ್ ಆರಿಸಿ 'ಎಕ್ಸ್‌ಪೋರ್ಟ್' ಒತ್ತಿ. ಒಂದು ಎಸ್‌ಕ್ಯೂಎಲ್ ಫೈಲು ಬರುತ್ತದೆ. ಅದನ್ನು ತೆರೆದು ನೋಡಿ, ನಿಮ್ಮ ಕನ್ನಡ ಕನ್ನಡವಾಗಿಯೇ ಕಾಣಬೇಕು. ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ ಆ ಬ್ಯಾಕಪ್ ಕೆಲಸಕ್ಕೆ ಬಾರದು. ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಬೇರೆ ಕಡೆ.

ಎರಡನೆಯದು, ಪ್ರಿವ್ಯೂ ಷೋ. ಬ್ಲಾಗಿನದೇ ಒಂದು ನಕಲು ಮಾಡಿ ಅಪ್‌ಡೇಟನ್ನು ಮೊದಲು ಅದರ ಮೇಲೆ ಪ್ರಯೋಗಿಸಿ. ಕೆಲವು ಹೋಸ್ಟಿಂಗ್‌ನವರು ಇದಕ್ಕೆ 'ಸ್ಟೇಜಿಂಗ್' ಅಂತ ಅನುಕೂಲ ಕೊಟ್ಟಿರುತ್ತಾರೆ. ಹೊಸ ಆವೃತ್ತಿಗೆ ಎಷ್ಟನೇ ಪಿಎಚ್‌ಪಿ ಬೇಕು, ನಿಮ್ಮಲ್ಲಿ ಎಷ್ಟನೆಯದು ಇದೆ, ಅದನ್ನೂ ನೋಡಿಕೊಳ್ಳಿ.

ಮೂರನೆಯದು, ಪ್ಲಗಿನ್‌ಗಳನ್ನೆಲ್ಲ ಆಫ್ ಮಾಡಿ ಅಪ್‌ಡೇಟ್ ಮಾಡಿ. ಆಮೇಲೆ ಒಂದೊಂದಾಗಿ ಆನ್ ಮಾಡಿ, ಪ್ರತಿ ಸಲವೂ ಬ್ಲಾಗು ತೆರೆದು ನೋಡಿ. ಆಗ ಖಳನಾಯಕ ಯಾರೆಂದು ತಾನೇ ಗೊತ್ತಾಗುತ್ತದೆ. ನನ್ನ ಬಿಳೀ ತೆರೆಗೆ ಕಾರಣ, ನಾಲ್ಕು ವರ್ಷದಿಂದ ಯಾರೂ ರಿಪೇರಿ ಮಾಡದ ಒಂದು ಪುಟಾಣಿ ಪ್ಲಗಿನ್! ಥೀಮಿನ ಫೈಲುಗಳನ್ನು ನೀವೇ ತಿದ್ದಿದ್ದರೆ, ಥೀಮ್ ಅಪ್‌ಡೇಟ್ ಆದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ. ಅದಕ್ಕೇ 'ಚೈಲ್ಡ್ ಥೀಮ್' ಇರುವುದು. ತಿದ್ದುವುದನ್ನು ಅದರಲ್ಲೇ ತಿದ್ದಿ.

ಇಷ್ಟಾದರೂ ತೆರೆ ಬೆಳ್ಳಗಾಯಿತೋ? ಏನನ್ನೂ ಅಳಿಸಬೇಡಿ. 'ಪ್ಲಗಿನ್ಸ್' ಫೋಲ್ಡರಿನ ಹೆಸರನ್ನು ಬದಲಾಯಿಸಿ. ಎಲ್ಲ ಪ್ಲಗಿನ್ ಒಟ್ಟಿಗೇ ನಿಲ್ಲುತ್ತವೆ, ದೋಷ ಅವುಗಳದ್ದಾದರೆ ಬ್ಲಾಗು ಮತ್ತೆ ತೆರೆಯುತ್ತದೆ. 2019ರ ಮೇ ತಿಂಗಳಲ್ಲಿ ಬಂದ 5.2ರಿಂದೀಚೆಗೆ, ಇಂಥ ದೋಷ ಬಂದರೆ ಒಳಗೆ ಹೋಗಲು ಒಂದು ಲಿಂಕು ನಿಮ್ಮ ಇಮೇಲಿಗೇ ಬರುವ ಏರ್ಪಾಡೂ ಇದೆ.

'ಇಷ್ಟೆಲ್ಲ ತಲೆನೋವು ಯಾಕೆ, ಅಪ್‌ಡೇಟೇ ಬೇಡ' ಅಂತ ಕೂರುವವರಿಗೊಂದು ಮಾತು. ಆವೃತ್ತಿ 4.7ರಲ್ಲಿ ಒಂದು ಬಿರುಕಿತ್ತು. 2017ರ ಜನವರಿ 26ರಂದು ಬಂದ 4.7.2 ಅದನ್ನು ಮುಚ್ಚಿತು. ಹಾಕಿಕೊಳ್ಳದವರ ಲಕ್ಷಗಟ್ಟಲೆ ಪುಟಗಳನ್ನು ಫೆಬ್ರವರಿಯಲ್ಲಿ ಪುಂಡರು ಕೆಡಿಸಿದರು. ಆದ್ದರಿಂದ ಲೆಕ್ಕ ಹೀಗಿರಲಿ: ಮೂರನೇ ಅಂಕಿ ಮಾತ್ರ ಬದಲಾದರೆ ಅದು ರಿಪೇರಿ, ತಡ ಮಾಡಬೇಡಿ. 2013ರ ಅಕ್ಟೋಬರಿನ 3.7ರಿಂದ ಅಂಥವು ಸಾಮಾನ್ಯವಾಗಿ ತಾವಾಗಿಯೇ ಕೂರುತ್ತವೆ, ಆ ಏರ್ಪಾಟನ್ನು ನಿಲ್ಲಿಸಲೂ ಬೇಡಿ. ಮೊದಲೆರಡು ಅಂಕಿಗಳಲ್ಲೊಂದು ಬದಲಾದರೆ ಅದು ದೊಡ್ಡ ಚಿತ್ರ. ಅದಕ್ಕೆ ಫಸ್ಟ್ ಡೇ ಬೇಡ, ಒಂದು ವಾರ ತಾಳಿ. 5.0 ಬಂದ ಸುಮಾರು ವಾರಕ್ಕೇ 5.0.1 ಬಂತು!

ಸಿಕ್ಕ ಮೊದಲ ಕಂತಿನಲ್ಲಿ ಆಪರೇಟರಣ್ಣ ಹೇಳಿದ ಮಾತೊಂದಿದೆ. "ಪ್ರಿಂಟು ಡಬ್ಬಿಯಿಂದ ಬಂದ ಮೇಲೆ ಸೀದಾ ಮಷೀನಿಗೆ ಹಾಕಬಾರದು ತಮ್ಮಾ. ಬೆರಳಲ್ಲಿ ಹಿಡಿದು ಪೂರ್ತಿ ತಿರುಗಿಸಿ ನೋಡಬೇಕು. ಎಲ್ಲಿ ಹರಿದಿದೆ ಅಂತ ಆಟಕ್ಕೆ ಮುಂಚೆ ನಮಗೆ ಗೊತ್ತಿರಬೇಕು, ಆಟದ ಮಧ್ಯ ಜನಕ್ಕಲ್ಲ."

ಈ ಮಾತನ್ನು ನನ್ನ ಕೈಯಾರೆ ಟೈಪು ಮಾಡಿದ್ದೆ. ಟೈಪು ಮಾಡಿ, ಮರೆತಿದ್ದೆ.

ಎರಡನೇ ಕಂತಿನಲ್ಲಿ ಅವರು ಕಡೇ ಆಟದ ರಾತ್ರಿಯ ವಿಷಯ ಹೇಳಿದ್ದರು. ಎಷ್ಟು ಜನ ಬಂದಿದ್ದರು, ಮಷೀನು ನಿಲ್ಲಿಸಿದ ಮೇಲೆ ಅವರೇನು ಮಾಡಿದರು... ನೆನಪಿನಿಂದ ಬರೆಯೋಣವೆಂದು ಎಷ್ಟೋ ಸಲ ಕೂತಿದ್ದೇನೆ. ಮಾತು ನನ್ನದಾಗುತ್ತದೆ, ಅವರದಾಗುವುದಿಲ್ಲ. ಬ್ಲಾಗಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ನಿಮ್ಮ ಬ್ಲಾಗಿನಲ್ಲಿ ಅಂಥ ಖಾಲಿ ಜಾಗ ಬಾರದಿರಲಿ. ಪತ್ರಿಕೆ ಮಡಿಸಿಟ್ಟ ಕೂಡಲೇ ಆ 'ಎಕ್ಸ್‌ಪೋರ್ಟ್' ಗುಂಡಿ ಒಮ್ಮೆ ಒತ್ತಿಬಿಡಿ, ಆಯಿತೆ?